ಸರಪಳಿ ಮಾವ
ನಮ್ಮ ವೆಲ್ಡಿಂಗ್ ಶೆಡ್ಡಿನಲ್ಲಿ ಸ್ಟೋರ್ ನೋಡಿಕೊಳ್ಳುವ ಹಿರಿಯರಿಗೆ ನಾವಿಟ್ಟ ಹೆಸರು ಸರಪಳಿ ಮಾವ. ಗ್ಯಾಸ್ ಸಿಲಿಂಡರುಗಳನ್ನೆಲ್ಲ ಸರಪಳಿಯಿಂದ ಗೋಡೆಗೆ ಬಿಗಿಯುವವರೆಗೆ ಅವರ ಗಂಟಲಲ್ಲಿ ನೀರೂ ಇಳಿಯದು. ಯಾರಾದರೂ ಸಿಲಿಂಡರನ್ನು ನೆಲದಲ್ಲಿ ಉರುಳಿಸಿದರೆ, "ಅದೇನು ಕುಂಬಳಕಾಯಿನಾ? ಗಾಡಿ ತಗೊಳ್ರೋ!" ಎಂದು ಸೂರು ಹಾರುವಂತೆ ಕೂಗುತ್ತಾರೆ. ವಾಲ್ವಿನ ಮೇಲೆ ಕ್ಯಾಪ್ ಇಲ್ಲದಿದ್ದರಂತೂ ಮ್ಯಾನೇಜರಿಗೂ ಮಂಗಳಾರತಿ ತಪ್ಪದು. ಒಮ್ಮೆ ನಾನೇ ರೇಗಿ, "ಒಂದು ಕ್ಯಾಪಿಗೆ ಇಷ್ಟು ರಾದ್ಧಾಂತ ಯಾಕೆ ಮಾವ?" ಎಂದೆ. ಅವರು ಗೋಡೆಯಲ್ಲಿ ಬೇರೆ ಬಣ್ಣದ ಇಟ್ಟಿಗೆ ತುಂಬಿದ್ದ ಜಾಗವನ್ನು ಸವರಿದರು. "ಹಿಂದೊಂದ್ಸಲ ನಾನೇ ಕ್ಯಾಪ್ ಹಾಕ್ದೆ ಬಿಟ್ಟಿದ್ದೆ. ಸಿಲಿಂಡರ್ ಬಿದ್ದು ವಾಲ್ವ್ ಮುರೀತು, ಗ್ಯಾಸ್ ನುಗ್ಗಿದ ರಭಸಕ್ಕೆ ಸಿಲಿಂಡರೇ ಬಾಣದ ಹಾಗೆ ಗೋಡೆ ತೂರ್ಕೊಂಡು ಹೋಯ್ತು. ಆಚೆ ನನ್ನ ತಮ್ಮ ಊಟಕ್ಕೆ ಕೂತಿದ್ದ. ಅವನ ಒಂದು ಕಾಲು ಹೋಯ್ತು," ಎಂದು ಪಕ್ಕದ ಸಿಲಿಂಡರಿನ ಕ್ಯಾಪನ್ನು ಇನ್ನೊಂದು ಸುತ್ತು ಬಿಗಿದರು. "ಇವತ್ತಿನವರೆಗೂ ಅವನು ನನಗೆ ಒಂದು ಮಾತೂ ಬೈದಿಲ್ಲ ಕಣಪ್ಪ."