ಕುಂಕುಮ ಹಚ್ಚಿದ ಸೂಕ್ಷ್ಮದರ್ಶಕ

ನರಗುಂದದಲ್ಲಿ ರೋಣದ ಬಸ್ಸು ಹತ್ತಿದ ಮೇಲೂ ಅಣ್ಣ ಕಿಟಕಿಯ ತನಕ ಬಂದು ಮತ್ತೊಮ್ಮೆ ಹೇಳಿದ: "ನೋಡ್ಕೊಂಡು ಬಾ. ಊರು ಸರಿ ಇರದಿದ್ರ ಆಕೀನ ಕರಕೊಂಡೇ ಬಂದುಬಿಡು. ನೀ ಹೇಳಿದಂಗ ಮಾಡೂಣು."

ಆಕೆ ಎಂದರೆ ಅಣ್ಣನ ಮಗಳು ಸುಮಂಗಲಾ. ಬಿ.ಎಸ್ಸಿ. ಮುಗಿಸಿ, ಒಂದು ಸಂಸ್ಥೆಯ ವಿದ್ಯಾರ್ಥಿವೇತನದಲ್ಲಿ ಬಿ.ಇಡಿ. ಓದಿದಳು. ಫೀ, ಪುಸ್ತಕ, ಹಾಸ್ಟೆಲ್ ಎಲ್ಲವೂ ಅವರದೇ. ಕರಾರು ಒಂದೇ: ವಿಜ್ಞಾನ ಕಲಿಸುವವರೇ ಇಲ್ಲದ ಸಾಲೆಯಲ್ಲಿ ಎರಡು ವರ್ಷ ಕೆಲಸ ಮಾಡಬೇಕು, ಸಾಲೆಯನ್ನು ಅವರೇ ಆರಿಸುತ್ತಾರೆ. ಇವಳಿಗೆ ಸಿಕ್ಕಿದ್ದು ಮುಶಿಗೇರಿಯ ಆಚೆಗಿನ ಒಂದು ಸಣ್ಣ ಹಳ್ಳಿ. ಹೋಗಿ ವಾರವೂ ಆಗಿರಲಿಲ್ಲ. "ಅವ್ರು ಕೊಟ್ಟದ್ದು ತಿರುಗಿ ಕೊಟ್ಟರಾತು, ಮನಿಯಾಗ ಕುಂತು ಟ್ಯೂಷನ್ ಹೇಳಲಿ" ಎಂಬುದು ಅಣ್ಣನ ಹಟ. ಮಗಳದು ಅದಕ್ಕಿಂತ ದೊಡ್ಡ ಹಟ. ನಡುವೆ ನಾನು.

ದಾರಿಯುದ್ದಕ್ಕೂ ಎರೆ ಹೊಲ, ಹೆಸರಿನ ಬೆಳೆ ಗೇಣುದ್ದ ಎದ್ದಿತ್ತು. ಆಷಾಢದ ಗಾಳಿಗೆ ಬಸ್ಸಿನ ಗಾಜು ಗಡಗಡ ಎನ್ನುತ್ತಿತ್ತು. ಪಕ್ಕದ ಸೀಟಿನ ಹೆಣ್ಣುಮಗಳು ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಪಡೆದು ನನ್ನ ಕಡೆ ತಿರುಗಿ ನಕ್ಕಳು: "ಬಸ್ ನಮ್ದೈತ್ರಿ ಕಾಕಾ. ನೀವು ರೊಕ್ಕ ಕೊಟ್ಟು ಕುಂದರ್ರಿ."

ರೋಣದಲ್ಲಿ ಇಳಿದು ಗಿರಮಿಟ್ಟು, ಮೆಣಸಿನಕಾಯಿ ಬಜಿ ತಿಂದೆ. ಅಂಗಡಿಯವನು ಊರು, ಕೆಲಸ ಎಲ್ಲ ವಿಚಾರಿಸಿದ. ಸುಮಂಗಲಾಳ ಸಂಗತಿ ಹೇಳಿದೆ. "ಸೈನ್ಸ್ ಟೀಚರ್ರೇ? ಬಜಿ ರೊಕ್ಕ ಬ್ಯಾಡ್ರಿ, ಆಕೀನ ನಮ್ಮೂರ ಸಾಲಿಗೆ ಕಳಸ್ರಿ" ಎಂದ. ನಾನು ಮಾತಿಗೆ ನಕ್ಕೆ. ಅವನು ಅಷ್ಟಾಗಿ ನಗಲಿಲ್ಲ.

ಗಜೇಂದ್ರಗಡ ಮುಟ್ಟಿದಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ರಭಸದಿಂದ ತಿರುಗುತ್ತಿದ್ದವು. ಅಲ್ಲಿಂದ ಆ ಹಳ್ಳಿಗೆ ಟಂಟಂ ಆಟೋ. ಒಳಗೆ ಹತ್ತು ಮಂದಿ, ಎರಡು ಕುರಿಮರಿ, ಒಂದು ಗೊಬ್ಬರದ ಚೀಲ.

ಸಾಲೆಯ ಪಡಸಾಲೆಯಲ್ಲಿ ಸುಮಂಗಲಾ ಒಂದು ಕಬ್ಬಿಣದ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಎದುರಿಗೆ ಕೀಲಿಕೈ ಹಿಡಿದ ಹೆಡ್ ಮಾಸ್ತರು. ಸುತ್ತ ಒಂಬತ್ತನೆಯ ತರಗತಿಯ ಮಕ್ಕಳು. ನನ್ನನ್ನು ಕಂಡು "ಕಾಕಾ, ಒಂಚೂರು ಕುಂದರ್ರಿ" ಎಂದವಳೇ ವಾದಕ್ಕೆ ಮರಳಿದಳು.

ಕಪಾಟಿನೊಳಗೆ ಸೂಕ್ಷ್ಮದರ್ಶಕವಿತ್ತು. ಬಳಸುವವರಿಲ್ಲದೆ ವರ್ಷವಿಡೀ ಒಳಗಿದ್ದು, ಮಹಾನವಮಿಗೆ ಮಾತ್ರ ಹೊರಗೆ ಬರುತ್ತಿತ್ತು. ಆಯುಧಪೂಜೆಯ ದಿನ ಅದಕ್ಕೆ ವಿಭೂತಿ, ಕುಂಕುಮ, ಹೂವು; ಆಮೇಲೆ ಮತ್ತೆ ಕೀಲಿ. ಮಸೂರದ ಮೇಲೂ ಕುಂಕುಮ ಹಚ್ಚಿದ್ದರು. ಸುಮಂಗಲಾ ಅದನ್ನು ಒರೆಸಲು ಹೊರಟಾಗ ಮಾಸ್ತರು ತಡೆದು ಕೀಲಿ ಹಾಕಿಬಿಟ್ಟಿದ್ದರು.

"ಪೂಜಿ ಮಾಡಿದ್ದು ವರಸಬಾರದವ್ವಾ. ಮ್ಯಾಲ, ಒಡದ್ರ ಜವಾಬು ಕೊಡಾಂವ ನಾನು. ಇಷ್ಟು ವರ್ಷ ಜ್ವಾಪಾನ ಮಾಡೇನಿ."

"ಹೊರಗ ನಿಂತೈತಲ್ರಿ ಸರ, ನಿಮ್ಮ ಮೋಟರ್ ಸೈಕಲ್. ಅದಕ್ಕ ಪೂಜಿ ಮಾಡಿಲ್ಲೇನ್ರಿ?"

"ಮಾಡೇನಲ್ಲವ್ವಾ."

"ಮತ್ತ ಅದನ್ನ ದಿನಾ ಹೊಡೀತೀರಿ?"

ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕವು. ಮಾಸ್ತರು ಅವರತ್ತ ಕಣ್ಣು ಬಿಟ್ಟರು, ಆಮೇಲೆ ತಾವೇ ನಕ್ಕು ಕೀಲಿಕೈ ಚಾಚಿದರು. "ತಗೋ. ದೇವ್ರು ಸಿಟ್ಟಿಗೆದ್ರ ನಿನ್ನ ಹೆಸರು ಹೇಳ್ತೀನಿ."

ಅವಳು ಮೊದಲು ಪುಡಿಯನ್ನು ಊದಿದಳು. ಕರೋನಾ ಕಾಲದ ಸ್ಯಾನಿಟೈಸರ್ ಬಾಟಲಿಯೊಂದು ಆಫೀಸಿನಲ್ಲಿ ಉಳಿದಿತ್ತು; ಅದನ್ನು ಹತ್ತಿಗೆ ಮುಟ್ಟಿಸಿ ಮಸೂರವನ್ನು ಮೆಲ್ಲಗೆ ಒರೆಸಿದಳು. ಬಿಸಿಯೂಟದ ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ತರಿಸಿ ಒಳಗಿನ ತೆಳುವಾದ ಪೊರೆ ಬಿಡಿಸಿ ಗಾಜಿನ ಮೇಲೆ ಹಾಸಿದಳು.

ಮೊದಲು ಬಗ್ಗಿದ ಹುಡುಗಿ ಮುಖ ಸಣ್ಣ ಮಾಡಿದಳು. "ಕತ್ತಲೈತ್ರಿ ಅಕ್ಕೋರ. ಏನೂ ಇಲ್ಲ."

ಮಾಸ್ತರು ನನ್ನ ಕಡೆ ನೋಡಿದರು. ಸುಮಂಗಲಾ ಕೆಳಗಿನ ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಿದಳು. "ಈಗ?"

ಹುಡುಗಿ ಮತ್ತೆ ಬಗ್ಗಿದಳು. ಹಿಂದಿನವರು ಜಡೆ ಎಳೆದರೂ ಏಳಲಿಲ್ಲ. ಆಮೇಲೆ ಕೂಗಿದಳು: "ಯವ್ವಾ, ಇಟ್ಟಂಗಿ ಗ್ವಾಡಿ ಕಟ್ಟ್ಯಾರ್ರಿ ಒಳಗ!"

ನೂಕುನುಗ್ಗಲಾಯಿತು. ಅಡುಗೆಯಾಕೆ "ಅನ್ನ ಆರಾಕತ್ತೈತಿ, ಬರ್ರೋ" ಎಂದು ಎರಡು ಸಲ ಕೂಗಿದಳು, ಯಾರೂ ಕದಲಲಿಲ್ಲ. ಮಾಸ್ತರು ಸಾಲಿನಲ್ಲಿ ನಿಂತೇ ನೋಡಿದರು. ನಾನೂ ನೋಡಿದೆ. ದಿನವೂ ರೊಟ್ಟಿಯೊಂದಿಗೆ ಕಡಿಯುವ ಉಳ್ಳಾಗಡ್ಡಿಯೊಳಗೆ ಇಷ್ಟು ಅಚ್ಚುಕಟ್ಟಾದ ಕೋಣೆಗಳಿವೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು.

ಸಾಲೆ ಬಿಟ್ಟ ಮೇಲೆ ಸುಮಂಗಲಾ ನನ್ನನ್ನು ಟಂಟಂ ಹತ್ತಿಸಲು ಬಂದಳು. "ಅಪ್ಪ ನಿಮ್ಮನ್ನ ಯಾಕ ಕಳಿಸ್ಯಾರ ಗೊತ್ತೈತಿ ಕಾಕಾ. ಏನ್ ಹೇಳ್ತೀರಿ?"

"ನಿನಗ ಇಲ್ಲಿ ಹೊಂದತೈತೇನವಾ?"

"ಖರೇ ಹೇಳ್ಲೇನು? ಚಾಪಿ ಮ್ಯಾಲ ಮಲಗಿ ಬೆನ್ನು ನೋಯತೈತಿ. ಗಾಳಿ ಸಪ್ಪಳಕ್ಕ ನಿದ್ದಿ ಬರೂದಿಲ್ಲ. ಒಂದಿನ ಅತ್ತೇನಿ. ಆದ್ರ ನಾಳೆ ಕೆರಿ ನೀರು ತರ್ತೀವಿ ಅಂದಾವ ಹುಡುಗೂರು. ಅದನ್ನ ತೋರಿಸೋರು ಯಾರ್ರಿ ಮತ್ತ?"

ಗಜೇಂದ್ರಗಡದ ಬಸ್ ಸ್ಟ್ಯಾಂಡಿನಿಂದ ಅಣ್ಣನಿಗೆ ಫೋನು ಹಚ್ಚಿದೆ. "ಆಕಿ ಬಸ್ ಹತ್ಯಾಳೇನು?" ಎಂದ.

"ಇಲ್ಲಣ್ಣ. ಆಕಿ ಗಾದಿ ಸುತ್ತಿ ಇಡು. ನಾಳಿ ಬಸ್ಸಿಗೆ ಹಾಕೂಣು."

ಬೀಸುವ ಗಾಳಿಯ ಸಪ್ಪಳ ಫೋನಿನಲ್ಲಿ ಅವನಿಗೂ ಕೇಳಿಸಿರಬೇಕು.

"ಗಾಳಿ ಭಾಳ ಐತಲ್ಲೋ ಅಲ್ಲೆ" ಎಂದ. "ಹೊದಿಯಾಕ ದಪ್ಪಂದು ಕೌದಿನೂ ಹಾಕ್ತೀನಿ ತಗೋ."