ಹಲೋರಾಯರ ನಲವತ್ತು ನಿಮಿಷ

ನನ್ನ ಗಂಡನನ್ನು ನಮ್ಮ ಬೀದಿಯವರೆಲ್ಲ ಹಲೋರಾಯರು ಅಂತಲೇ ಕರೆಯುವುದು. ಇಪ್ಪತ್ತಾರು ವರ್ಷದಿಂದ ಒಂದು ಕಟ್ಟಡದ ಮೆಟ್ಟಿಲ ಕೆಳಗೆ, ಗೂಡಿನಂಥ ಅಂಗಡಿಯಲ್ಲಿ ಕೂತು ಮೈಕು, ಸ್ಪೀಕರು, ಆಂಪ್ಲಿಫೈಯರು ರಿಪೇರಿ ಮಾಡುತ್ತಾರೆ. ರಿಪೇರಿ ಆದ ಮೇಲೆ ಮೈಕನ್ನು ಬಾಯಿಗೆ ಹಿಡಿದು ‘ಹಲೋ, ಹಲೋ, ಒಂದು, ಎರಡು, ಮೂರು’ ಅಂದರೆ ಕೆಲಸ ಮುಗಿಯಿತು. ನಾಲ್ಕು ಅಂದಿದ್ದನ್ನು ಯಾರೂ ಕೇಳಿಲ್ಲ. ಮನೆಯಲ್ಲೂ ಹಾಗೇ. ಊಟ ಮಾಡ್ತೀರಾ ಅಂದರೆ ಹೂಂ, ಇನ್ನೊಂಚೂರು ಹಾಕ್ಲಾ ಅಂದರೆ ಉಹುಂ. ಮದುವೆಯಾದ ಹೊಸದರಲ್ಲಿ ನಾನು ಇವರಿಗೆ ನನ್ನ ಮೇಲೆ ಕೋಪವೇನೋ ಅಂದುಕೊಂಡು ಅತ್ತಿದ್ದೂ ಉಂಟು. ಆಮೇಲೆ ಅತ್ತೆಯೇ ಹೇಳಿದರು, ‘ಅಯ್ಯೋ, ಅವನು ಹುಟ್ಟಿದಾಗ್ಲೂ ಸರಿಯಾಗಿ ಅಳ್ಲಿಲ್ಲ ಕಣಮ್ಮ’ ಅಂತ.

ಹಾಗಾಗಿ ಮನೆಯ ಮಾತನ್ನೆಲ್ಲ ನಾನೇ ಆಡುತ್ತಿದ್ದೆ. ನಾನು ಶಾಲೆಯಲ್ಲಿ ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುವವಳು. ಐವತ್ತೆರಡು ಮಕ್ಕಳು, ಕಿಟಕಿಯಾಚೆ ಲಾರಿಗಳು ಓಡಾಡುವ ರಸ್ತೆ, ತಲೆಯ ಮೇಲೆ ಕಟಕಟ ಅನ್ನುವ ಫ್ಯಾನು. ಇವಿಷ್ಟನ್ನೂ ಮೀರಿ ಇಪ್ಪತ್ತೆರಡು ವರ್ಷ ಗಂಟಲು ಹರಿಯುವಂತೆ ಕಿರುಚಿದೆ. ಹೋದ ವರ್ಷ ಗಂಟಲಲ್ಲಿ ಗಂಟು ಅಂದರು, ಆಪರೇಷನ್ ಮಾಡಿದರು. ಗಂಟೇನೋ ಹೋಯಿತು, ಹೋಗುವಾಗ ದನಿಯನ್ನೂ ಕರೆದುಕೊಂಡು ಹೋಯಿತು. ಉಳಿದದ್ದು ಒಂದು ಪಿಸುದನಿ. ಪಾಠ ಹಾಗಿರಲಿ, ನೆಟ್ಟಗೆ ಒಬ್ಬರನ್ನು ಬೈಯುವುದಕ್ಕೂ ಆಗದಂಥ ದನಿ. ಪಿಸುಗುಟ್ಟಿ ಬೈದರೆ ಯಾರು ತಾನೇ ಹೆದರುತ್ತಾರೆ? ನನ್ನಂಥ ಸಿಡುಕಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ರಜೆ ಮುಗಿಸಿ ಹೋದಾಗ ಹೆಡ್‌ಮಿಸ್ ಕೂರಿಸಿಕೊಂಡು ಮೆತ್ತಗೆ ಹೇಳಿದರು. ‘ಒಂದು ತಿಂಗಳು ನೋಡೋಣ ಮೇಡಂ. ಕೊನೇ ಬೆಂಚಿಗೆ ಕೇಳಿಸ್ಬೇಕು, ಅಷ್ಟೇ. ಇಲ್ಲಾಂದ್ರೆ ರೆಕಾರ್ಡ್ ರೂಮ್ ಇದ್ದೇ ಇದೆ, ಅಲ್ಲಿ ನಿಮಗೆ ಆರಾಮಾಗಿರುತ್ತೆ.’ ಆ ಆರಾಮು ನನಗೆ ಗೊತ್ತಿತ್ತು. ಹಳೇ ಹಾಜರಿ ಪುಸ್ತಕಗಳು, ಒಂದು ಟ್ಯೂಬ್‌ಲೈಟು, ಬಾಗಿಲ ಹತ್ತಿರ ಒಂದು ಕುರ್ಚಿ. ಅಲ್ಲಿ ಮಕ್ಕಳೇ ಇಲ್ಲ. ಮಕ್ಕಳಿಲ್ಲದ ಶಾಲೆಯಲ್ಲಿ ನಾನೇನು ಮಾಡಲಿ?

ಮನೆಗೆ ಬಂದು ಇವರ ಮುಂದೆ ಹೇಳಿಕೊಂಡೆ. ಹೂಂ ಅಂದರು. ಮರುದಿನ ಅಂಗಡಿಯಿಂದ ಸೊಂಟಕ್ಕೆ ಕಟ್ಟುವಂಥ ಒಂದು ಸಣ್ಣ ಸ್ಪೀಕರ್ ತಂದರು. ಅದಕ್ಕೆ ನನ್ನ ಪಿಸುಮಾತು ನಾಟಲೇ ಇಲ್ಲ. ದನಿ ಏರಿಸಿದರೆ ಕುಂಯ್ಯೋ ಅಂತ ಕೂಗು, ಇಳಿಸಿದರೆ ಮೌನ. ಅದನ್ನು ಪಕ್ಕಕ್ಕಿಟ್ಟು, ‘ನಾನೇ ಮಾಡ್ತೀನಿ’ ಅಂದರು. ಇವರ ಬಾಯಲ್ಲಿ ಅದು ದೊಡ್ಡ ಭಾಷಣ.

ಹತ್ತು ದಿನ ಹಿಡಿಯಿತು. ದಿನವಿಡೀ ಊರವರ ಸ್ಪೀಕರುಗಳ ಹೊಟ್ಟೆ ಬಗೆದು, ಬೆನ್ನು ಹಿಡಿದುಕೊಂಡು ಮನೆಗೆ ಬಂದರೆ, ಕೈಕಾಲು ತೊಳೆದು ಮತ್ತೆ ಅದೇ ಕೆಲಸ. ಅಡಿಗೆಮನೆಯ ಮೇಜು ಇವರದಾಯಿತು, ನಾನು ನೆಲದ ಮೇಲೆ ತರಕಾರಿ ಹೆಚ್ಚಿದೆ. ಹಳೇ ಕಪಾಟಿನ ಪ್ಲೈವುಡ್ ಕೊಯ್ದು, ಅಕ್ಕಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಮಾಡಿದರು. ಮುಂದೆ ಸ್ಪೀಕರು, ಹಿಂದೆ ಅಂಗೈಯಗಲದ ಆಂಪ್ಲಿಫೈಯರ್ ಬೋರ್ಡು, ಅಡಿಯಲ್ಲಿ ಬ್ಯಾಟರಿ, ಮೇಲೆ ಹಿಡಿಕೆ. ಬ್ಯಾಟರಿ ಮಾತ್ರ ಹೊಸದಲ್ಲ. ಕೆಟ್ಟುಹೋದ ಲ್ಯಾಪ್‌ಟಾಪುಗಳಿಂದ ಬಿಚ್ಚಿಟ್ಟ ಸೆಲ್ಲುಗಳು ಒಂದು ಡಬ್ಬಿ ತುಂಬ ಇದ್ದವು. ಅದರಲ್ಲಿ ಮೂರನ್ನು ಆರಿಸಿ, ಒಂದರ ಹಿಂದೊಂದು ಜೋಡಿಸಿ, ವೋಲ್ಟೇಜು ಅಳೆಯುವ ಮೀಟರ್ ಹಿಡಿದು ನೋಡಿದರು. ಮೂರೂ ಚೆನ್ನಾಗಿ ತೋರಿಸಿದವು. ಡಬ್ಬಿಯಲ್ಲಿ ಇರುವಾಗ ಹೊಸದು ಯಾಕೆ ಅನ್ನುವುದು ಇವರ ಜನ್ಮಕ್ಕಂಟಿದ ಗುಣ. ನಮ್ಮ ಮನೆಯಲ್ಲಿ ಗಡಿಯಾರದ ಮುಳ್ಳೂ ಮೂರು ಗಡಿಯಾರಗಳಿಂದ ಬಂದದ್ದು.

‘ಹಲೋ, ಹಲೋ, ಒಂದು, ಎರಡು, ಮೂರು.’ ಗೋಡೆ ಅದುರಿತು. ನನ್ನ ಕೈಗೆ ಕೊಟ್ಟರು. ನಾನು ಪಿಸುಗುಟ್ಟಿದ್ದು ಪೆಟ್ಟಿಗೆಯಿಂದ ದುಂಡಗೆ, ಸ್ಪಷ್ಟವಾಗಿ ಆಚೆ ಬಂತು. ಆರು ತಿಂಗಳ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ನಾನು ಅಲ್ಲೇ ಈರುಳ್ಳಿ ಸಿಪ್ಪೆಗಳ ನಡುವೆ ಕೂತು ಅತ್ತೆ.

ಕ್ಲಾಸಿನಲ್ಲಿ ಹದಿನೆಂಟು ನಿಮಿಷ ಬಂತು. ಆಮೇಲೆ ಮಾತು ಒಡೆಯಿತು, ಬುಡುಬುಡು ಅಂತು, ಪಟ್ ಅಂತ ಆರಿಹೋಯಿತು. ಹಿಂದಿನ ಬೆಂಚಿನವರು ಹೋ ಅಂದರು. ಪೆಟ್ಟಿಗೆ ಹೊತ್ತುಕೊಂಡು ಬಂದು ಮೇಜಿನ ಮೇಲೆ ಕುಕ್ಕಿದೆ.

‘ಕೆಟ್ಟುಹೋಯ್ತು ನಿಮ್ಮ ಪೆಟ್ಟಿಗೆ.’

ಇವರು ಚಾರ್ಜು ಹಾಕಿ, ಸ್ವಿಚ್ ಒತ್ತಿದರು. ‘ಹಲೋ, ಹಲೋ, ಒಂದು, ಎರಡು, ಮೂರು.’ ಗೋಡೆ ಅದುರಿತು. ನನ್ನ ಮುಖ ನೋಡಿದರು. ‘ಇದೆಯಲ್ಲೇ’ ಅಂದರು.

‘ಹಾಗಿದ್ರೆ ನಾನು ಸುಳ್ಳು ಹೇಳ್ತಿದೀನಾ?’

‘ಉಹುಂ.’

ಆಂಪ್ಲಿಫೈಯರು ಬಿಸಿಯಾಗುತ್ತಿರಬೇಕು ಅಂತ ಅದಕ್ಕೊಂದು ಅಲ್ಯೂಮಿನಿಯಂ ತಗಡು ಕಟ್ಟಿದರು. ಮರುದಿನ ಹದಿನೇಳನೇ ನಿಮಿಷಕ್ಕೆ ನಿಂತಿತು. ಬೋರ್ಡಿನ ಬೆಸುಗೆಯನ್ನೆಲ್ಲ ಮತ್ತೆ ಹಾಕಿದರು. ಹತ್ತೊಂಬತ್ತಕ್ಕೆ ನಿಂತಿತು. ಬೋರ್ಡನ್ನೇ ಬದಲಾಯಿಸಿದರು, ಮೈಕಿನ ತಂತಿ ಬದಲಾಯಿಸಿದರು. ಪ್ರತಿ ಸಲವೂ ಮೇಜಿನ ಮೇಲೆ ಹಲೋ ಒಂದು ಎರಡು ಮೂರು ಅಂದರೆ ಅಡ್ಡಿಯಿಲ್ಲ, ಮೀಟರ್ ಹಿಡಿದರೆ ಬ್ಯಾಟರಿಯೂ ಗುಂಡುಕಲ್ಲು. ಕ್ಲಾಸಿಗೆ ಹೋದರೆ ಹದಿನೆಂಟರ ಆಸುಪಾಸಿನಲ್ಲಿ ಗೊಟಕ್. ಪೆಟ್ಟಿಗೆ ಒಯ್ದು ಒಯ್ದು ನನ್ನ ಹೆಗಲು ಬಿದ್ದುಹೋಯಿತು. ಇವರ ಕಣ್ಣುಗಳು ಕೆಂಪಾಗಿ ಒಳಗೆ ಹೋಗಿದ್ದವು, ಬೆರಳ ತುದಿಯಲ್ಲಿ ಬೆಸುಗೆ ಕಡ್ಡಿ ಸುಟ್ಟ ಕಲೆಗಳು. ಒಂದು ಸಂಜೆ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸಿದರು. ನನಗೆ ಪಾಪ ಅನಿಸಬೇಕಿತ್ತು, ಸಿಟ್ಟು ಬಂತು. ಸುಸ್ತಾದವರಿಗೆ ಸುಸ್ತಾದವರನ್ನು ಕಂಡರೆ ಆಗುವುದಿಲ್ಲ.

ಶುಕ್ರವಾರ ಹೆಡ್‌ಮಿಸ್ ಹೇಳಿದರು. ‘ಸೋಮವಾರ ನಾನೇ ಬಂದು ಹಿಂದೆ ಕೂತ್ಕೋತೀನಿ. ಒಂದು ಪೀರಿಯಡ್ ಪೂರ್ತಿ.’

ಭಾನುವಾರ ಬೆಳಿಗ್ಗೆ ಇವರು ಮತ್ತೆ ಪೆಟ್ಟಿಗೆ ಬಿಚ್ಚಿ, ಏನನ್ನೋ ತಿಕ್ಕಿ, ಮುಚ್ಚಿ, ಮೈಕನ್ನು ಬಾಯಿಗೆ ಹಿಡಿದರು. ‘ಹಲೋ, ಹಲೋ, ಒಂದು...’

ನನ್ನ ಪಿತ್ತ ನೆತ್ತಿಗೇರಿತು. ಮೈಕನ್ನು ಕಿತ್ತುಕೊಂಡೆ.

‘ಏನ್ರೀ ಇದು, ಒಂದು ಎರಡು ಮೂರು? ನನ್ನ ಪಾಠ ಏನು ಮೂರಕ್ಕೆ ಮುಗಿಯುತ್ತಾ? ನಲವತ್ತು ನಿಮಿಷ ಮಾತಾಡ್ತೀನಿ ನಾನು. ನಲವತ್ತು! ನಲವತ್ತು ನಿಮಿಷ ಒಬ್ಬರ ಮಾತು ಕೇಳಿದೀರಾ ನಿಮ್ಮ ಜನ್ಮದಲ್ಲಿ?’

ಇದೆಲ್ಲ ಪೆಟ್ಟಿಗೆಯಲ್ಲೇ ಮೊಳಗಿತು. ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಇವರು ಪೆಟ್ಟಿಗೆಯ ಬೆನ್ನು ಬಿಚ್ಚಿ, ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಗೆ ಹಚ್ಚಿ ಹಿಡಿದು, ಸ್ಟೂಲ್ ಎಳೆದುಕೊಂಡು ಕೂತರು.

‘ಮಾಡು ಪಾಠ’ ಅಂದರು.

‘ಈಗಲಾ?’

‘ಹೂಂ. ಕ್ಲಾಸಲ್ಲಿ ಹೇಗೆ ಮಾಡ್ತೀಯೋ ಹಾಗೇ.’

ಅಡಿಗೆಮನೆಯಲ್ಲಿ ನಿಂತು, ಸ್ಟೂಲಿನ ಮೇಲೆ ಕೂತ ಐವತ್ತೆರಡು ವರ್ಷದ ಒಬ್ಬ ವಿದ್ಯಾರ್ಥಿಗೆ ಜೀರ್ಣಾಂಗಗಳ ಪಾಠ ಶುರು ಮಾಡಿದೆ. ಬಾಯಿ, ಅನ್ನನಾಳ, ಜಠರ. ಮೊದಲು ನಗು ಬಂತು. ಇವರ ಕಣ್ಣು ಮೀಟರಿನ ಮೇಲಿತ್ತು, ಆದರೆ ಕಿವಿ ಇತ್ತ ಕಡೆಗೇ ಇತ್ತು. ನಡುವೆ ಒಮ್ಮೆ, ‘ಪಿತ್ತಕೋಶ ಎಡಕ್ಕೋ ಬಲಕ್ಕೋ?’ ಅಂತ ಕೇಳಿದರು. ನನ್ನ ಕ್ಲಾಸಿನ ಮಕ್ಕಳು ಇಂಥ ಪ್ರಶ್ನೆ ಕೇಳಿದ್ದೇ ಇಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನುಷ್ಯ ನನ್ನ ಮಾತನ್ನು ಇಷ್ಟು ಹೊತ್ತು ಕೂತು ಕೇಳಿದ್ದು ಅದೇ ಮೊದಲು.

ಸಣ್ಣ ಕರುಳಿಗೆ ಬರುವಷ್ಟರಲ್ಲಿ ಪೆಟ್ಟಿಗೆ ಬುಡುಬುಡು ಅಂತು. ಇವರು ಸಟಕ್ಕನೆ ಕಡ್ಡಿಗಳನ್ನು ಒಂದೊಂದೇ ಸೆಲ್ಲಿಗೆ ಮುಟ್ಟಿಸುತ್ತಾ ಹೋದರು. ‘ನಿಲ್ಲಿಸ್ಬೇಡ, ಮಾತಾಡು, ಮಾತಾಡು!’ ಮೊದಲ ಎರಡು ಸೆಲ್ಲುಗಳು ಸರಿಯಾಗಿದ್ದವು. ಮೂರನೆಯದು ನಾನು ಮಾತಾಡುತ್ತಿದ್ದ ಹಾಗೇ ಇಳಿಯುತ್ತಾ, ಇಳಿಯುತ್ತಾ, ಪಾತಾಳ ಕಂಡಿತು. ಪಟ್ ಅಂತ ಎಲ್ಲ ಆರಿತು.

‘ಆಂಪ್ಲಿಫೈಯರಿಗೆ ಏನೂ ಆಗಿಲ್ಲ’ ಅಂದರು. ‘ಈ ಮುದಿ ಸೆಲ್ಲು. ಸುಮ್ನಿದ್ದಾಗ ನೋಡಿದ್ರೆ ಗಟ್ಟಿಯಾಗೇ ತೋರಿಸುತ್ತೆ. ಕೆಲಸ ಕೊಟ್ರೆ ಹದಿನೆಂಟು ನಿಮಿಷಕ್ಕೆ ಕೈ ಚೆಲ್ಲುತ್ತೆ. ನಾನು ಬರೀ ಸುಮ್ನಿದ್ದಾಗಲೇ ನೋಡ್ತಿದ್ದೆ.’ ತಲೆ ಚಚ್ಚಿಕೊಂಡರು. ‘ಇಷ್ಟು ವರ್ಷ ಮಾಡಿದ ಕಸುಬು. ಥೂ.’

ಅವತ್ತು ಮೊದಲ ಸಲ ಹೊಸ ಸೆಲ್ಲು ತಂದರು. ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಪಾಠ, ಮತ್ತೆ ಸ್ಟೂಲು, ಮತ್ತೆ ಮೀಟರು. ಹದಿನೆಂಟು ದಾಟಿತು. ಇಪ್ಪತ್ತು ದಾಟಿತು. ನಾನು ಗೆದ್ದೆ ಅಂದುಕೊಂಡೆ. ನಲವತ್ತಕ್ಕೆ ಪೆಟ್ಟಿಗೆ ಇನ್ನೂ ಗಟ್ಟಿಮುಟ್ಟಾಗಿತ್ತು. ‘ಪಾಸಾ?’ ಅಂದೆ. ಇವರು ಮೀಟರ್ ಕೆಳಗಿಟ್ಟರು, ನನ್ನ ಮುಖ ನೋಡಲಿಲ್ಲ.

‘ಪೆಟ್ಟಿಗೆ ಪಾಸು. ನಿನ್ನ ದನಿ ಇಪ್ಪತ್ತೈದನೇ ನಿಮಿಷಕ್ಕೆ ಬೀಳುತ್ತೆ ಕಣೇ. ಆಮೇಲೆ ನೀನಾಡಿದ್ದು ನಂಗೆ ಅರ್ಧ ತಿಳೀಲಿಲ್ಲ. ಇಷ್ಟು ದಿನ ಪೆಟ್ಟಿಗೆ ಮೊದ್ಲೇ ನಿಂತುಹೋಗ್ತಿತ್ತಲ್ಲ, ಅದಕ್ಕೇ ಗೊತ್ತಾಗ್ಲಿಲ್ಲ.’

ನಾನು ಏನೇನೋ ಅಂದೆ. ನಿಮಗೆ ಕಿವುಡು ಅಂದೆ. ನೀವು ಯಾವತ್ತು ನನಗೆ ಒಳ್ಳೇದು ಬಯಸಿದೀರಿ ಅಂದೆ. ಹತ್ತು ಹದಿನೈದು ದಿನ ನಿದ್ದೆಗೆಟ್ಟ ಮನುಷ್ಯನಿಗೆ ಹಾಗಂದೆ. ಇವರು ಬಿಸಿನೀರು ಕಾಯಿಸಿ ಲೋಟ ತಂದು ನನ್ನ ಪಕ್ಕ ಇಟ್ಟು ಅಂಗಳಕ್ಕೆ ಹೋದರು.

ಸೋಮವಾರ ಹೆಡ್‌ಮಿಸ್ ಕೊನೇ ಬೆಂಚಿನಲ್ಲಿ ಕೂತರು. ಪೆಟ್ಟಿಗೆ ಸೊಗಸಾಗಿ ನುಡಿಯಿತು. ಸುಮಾರು ಇಪ್ಪತ್ತೈದು ನಿಮಿಷ ಆಗಿರಬಹುದು, ದೊಡ್ಡ ಕರುಳು ಅನ್ನಲು ಬಾಯಿ ತೆರೆದೆ, ಗಂಟಲಿಂದ ಏನೂ ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದೆ. ಬರೀ ಉಸಿರು ಬಂತು. ಆ ಉಸಿರನ್ನು ಪೆಟ್ಟಿಗೆ ದೊಡ್ಡದು ಮಾಡಿ ಕೊನೇ ಬೆಂಚಿನವರೆಗೂ ಕೇಳಿಸಿತು. ನಾನು ಸ್ವಿಚ್ ಆರಿಸಿ, ಉಳಿದ ಪಾಠವನ್ನು ಬೋರ್ಡಿನ ಮೇಲೆ ಬರೆದೆ. ಹೆಡ್‌ಮಿಸ್ ಗಂಟೆ ಹೊಡೆಯುವವರೆಗೂ ಏಳಲಿಲ್ಲ, ಅದೊಂದು ಮರ್ಯಾದೆ ಉಳಿಸಿದರು.

ಮುಂದಿನ ತಿಂಗಳಿಂದ ರೆಕಾರ್ಡ್ ರೂಮು. ನನ್ನ ಕ್ಲಾಸಿಗೆ ಪಾಠ ಮಾಡಲು ಒಬ್ಬಳು ಹೊಸ ಹುಡುಗಿ ಬಂದಳು. ಗಣಗಣ ಅನ್ನುವ ದನಿ. ಹೊರಗಿನ ಲಾರಿಗಳ ಮೇಲೆ ಗೆಲ್ಲಲು ಈಗಿನಿಂದಲೇ ಕಿರುಚುತ್ತಿದ್ದಳು. ಕಾರಿಡಾರಿನಲ್ಲಿ ನಿಂತು ಕೇಳಿದೆ, ನನ್ನ ಗಂಟಲು ನೋಯಿತು. ಹೆಡ್‌ಮಿಸ್ ಹೇಳುವ ಮೊದಲೇ ನಾನೇ ಅವಳ ಹತ್ತಿರ ಹೋಗಿ, ನನ್ನ ಪೆಟ್ಟಿಗೆ ನೀನಿಟ್ಟುಕೋ ಅಂದೆ.

ಮನೆಯಲ್ಲಿ ಇವರಿಗೆ ಹೇಳಿದೆ. ಹೂಂ ಅಂದು ಪೆಟ್ಟಿಗೆ ಬಿಚ್ಚಿದರು. ಮೈಕಿನ ತಂತಿ ಒಳಗೆ ಸೇರುವ ಕಡೆ ಸಾಸಿವೆ ಕಾಳಿಗಿಂತ ಚೂರು ದೊಡ್ಡ ಒಂದು ತಿರುಪು. ‘ಇದನ್ನ ನಿನ್ನ ದನಿಗೆ ಹೊಂದಿಸಿದ್ದೆ’ ಅಂದರು. ‘ಗಟ್ಟಿ ದನಿಯವರು ಮಾತಾಡಿದ್ರೆ ಮಾತು ಒಡೆಯುತ್ತೆ. ವಾಪಸ್ ತಿರುಗಿಸ್ಬೇಕು.’

ಸ್ಕ್ರೂಡ್ರೈವರ್ ತುದಿಯನ್ನು ತಿರುಪಿಗೆ ಇಟ್ಟರು. ಇಟ್ಟೇ ಇದ್ದರು.

‘ನೀನೇ ತಿರುಗಿಸೇ’ ಅಂದರು. ‘ನನ್ನ ಕೈಲಿ ಆಗ್ತಿಲ್ಲ.’

ಸ್ಕ್ರೂಡ್ರೈವರ್ ತೆಗೆದುಕೊಂಡು ಇವರು ಹೇಳಿದ ಕಡೆಗೆ, ಹೇಳಿದಷ್ಟು ತಿರುಗಿಸಿದೆ. ಇವರು ಸ್ವಿಚ್ ಒತ್ತಿ ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದರು. ನಾನು ನನ್ನ ಹೆಸರು ಹೇಳಿದೆ. ಪೆಟ್ಟಿಗೆಯಿಂದ ಏನೂ ಬರಲಿಲ್ಲ. ಇನ್ನೊಮ್ಮೆ ಹೇಳಿದೆ. ಏನೂ ಇಲ್ಲ.

‘ಸರಿಯಾಗಿದೆ’ ಅಂದರು, ಮೈಕ್ ಕೆಳಗಿಟ್ಟು ಮುಖ ಮುಚ್ಚಿಕೊಂಡರು.