ದೊಡ್ಡಮ್ಮ ಕೊಂಡ ಕಂಪ್ಯೂಟರು

ಹಾಲು ಕರೆದೂ ಕರೆದೂ ದೊಡ್ಡಮ್ಮನ ಬಲಗೈ ಹೆಬ್ಬೆರಳು ಒಳಕ್ಕೆ ಬಾಗಿತ್ತು. ಆ ಬೆರಳಿನಿಂದ ಅವಳು ಕಂಪ್ಯೂಟರಿನ ಪರದೆ ಒತ್ತಿದರೆ ಒಡೆದೀತು. ಬೆಳಗಿನ ರೈಲು ತಪ್ಪೀತು. ಹತ್ತಿದರೂ ನೂಕುನುಗ್ಗಲಿನಲ್ಲಿ ಅವಳು ಕಳೆದುಹೋದಾಳು. ಬೆಂಗಳೂರಿನ ಅಂಗಡಿಯವನು ಹಳೇ ಸಾಮಾನನ್ನು ಹೊಸ ಡಬ್ಬದಲ್ಲಿಟ್ಟು ಕೊಟ್ಟಾನು. ಬರುವಾಗ ಯಾರಾದರೂ ಪೆಟ್ಟಿಗೆಯ ಮೇಲೆ ಕೂತಾರು. ಕಂಪ್ಯೂಟರ್ ಕೊಳ್ಳಲು ಹೊರಡುವ ಹಿಂದಿನ ದಿನವೆಲ್ಲ ನನಗೆ ಇದೇ ಜಪ.

ತೊಂಬತ್ತರ ದಶಕದ ಕೊನೆ. ನಾನೂ ಚಿಕ್ಕಪ್ಪನ ಮಗನೂ ಎಂಜಿನಿಯರಿಂಗ್ ಓದುತ್ತಿದ್ದೆವು. ನಕ್ಷೆ ಬರೆಯುವ ಸಾಫ್ಟ್‌ವೇರಿಗೆ ಕಾಲೇಜಿನಲ್ಲಿ ಸರದಿ ಕಾಯಬೇಕು. ಮನೆಯ ಹಸುಗಳ ಯಜಮಾನಿಕೆಯೆಲ್ಲ ದೊಡ್ಡಮ್ಮನದು. ಹಾಲಿನ ದುಡ್ಡಲ್ಲಿ ಇಬ್ಬರಿಗೂ ಸೇರಿ ಒಂದು ಕಂಪ್ಯೂಟರ್ ಕೊಡಿಸುತ್ತೇನೆಂದಳು. ಅದು ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಲ್ಲಿರಬೇಕೋ, ಚಿನ್ನದ ಗಣಿಯ ಊರಿಗಾಂನಲ್ಲಿದ್ದ ಅವನ ಮನೆಯಲ್ಲೋ ಎಂಬುದನ್ನು ಮಾತ್ರ ಹೇಳಲಿಲ್ಲ. ಅವನಿಗೆ ಮೀಸೆ ನನಗಿಂತ ಮೊದಲು ಬಂದಿತ್ತು. ಅಂಕಗಳೂ ಹೆಚ್ಚು. ಇದೂ ಅವನ ಪಾಲಾದರೆ ಎಂದು ನನಗೆ ಅನ್ನ ಇಳಿಯುತ್ತಿರಲಿಲ್ಲ.

ದೊಡ್ಡಮ್ಮ ಹಸು ಕೊಳ್ಳುವ ರೀತಿ ಬೇತಮಂಗಲದವರೆಗೂ ಗೊತ್ತಿತ್ತು. ಮಾರುವವರ ಮನೆಗೆ ಸಂಜೆಯೇ ಹೋಗಿ ಒಂದು ಸಲ ಕರೆಸುವಳು. ಅಲ್ಲೇ ಉಳಿದು ಬೆಳಿಗ್ಗೆ ತಾನೇ ಕೂತು ಕರೆಯುವಳು. ಒಂದು ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವವರ ಆಟ ಅವಳ ಹತ್ತಿರ ನಡೆಯುತ್ತಿರಲಿಲ್ಲ. ನಮಗೂ ಹೇಳಿದ್ದಳು: “ಒಬ್ಬೊಬ್ರೂ ನೀವು ಬರ್ದಿರೋ ಚಿತ್ರ ಒಂದೊಂದು ತಕೊಂಬನ್ರಲಾ. ಕೆಲ್ಸ ಮಾಡಿಸ್ದೆ ನಾನ್ ಏನೂ ಕೊಳ್ಳಾಕಿಲ್ಲ.”

ಅಂಗಡಿಯಲ್ಲಿ ಆ ಸಾಫ್ಟ್‌ವೇರ್ ಹಾಕಿದ ಮೂರು ಕಂಪ್ಯೂಟರುಗಳಿದ್ದವು.

“ಅಮ್ಮಾ, ಇದು ಹೊಸ ಮಾಡಲ್ಲು. ಕಣ್ಣು ಮುಚ್ಕೊಂಡು ತಗೊಳ್ಳಿ,” ಎಂದ ಅಂಗಡಿಯವನು.

“ಕಣ್ ಮುಚ್ಕೊಳ್ಳಾಕೆ ಇಷ್ಟು ದೂರ ಯಾಕಪ್ಪಾ ಬರ್ಲಿ? ಈ ಉಡುಗ್ರ ಚಿತ್ರ ತೆಗ್ದು ತೋರ್ಸು. ಆಫ್ ಮಾಡಿ ಇನ್ನೊಂದ್ ಕಿತ ತೋರ್ಸು.”

ನನ್ನ ಫ್ಲಾಪಿಯಲ್ಲಿದ್ದದ್ದು ಒಂದು ನಟ್ಟು, ಒಂದು ಬೋಲ್ಟು. ಕಾಲೇಜಿನಲ್ಲಿ ನಾನು ಇಡೀ ಎಂಜಿನ್ನನ್ನೇ ಬರೆದಿದ್ದೆ. ಅದನ್ನು ತೆರೆಯುವಾಗ ಕಂಪ್ಯೂಟರ್ ನಿಂತುಹೋದರೆ ಮರ್ಯಾದೆ ಏನಾಗಬೇಕು ಎಂದು ಹೆದರಿ ಹಗುರದ್ದನ್ನು ತಂದಿದ್ದೆ.

“ಏನ್ಲಾ, ಎಂಜಿನ್ ಬಿಟ್ಟು ನಟ್ಟು ತಂದಿದ್ದೀಯಾ?” ಎಂದು ಚಿಕ್ಕಪ್ಪನ ಮಗ ಕಿವಿಯಲ್ಲಿ ಉಸುರಿದ.

ನನ್ನದು ಮೂರರಲ್ಲೂ ರೆಪ್ಪೆ ಬಡಿಯುವಷ್ಟರಲ್ಲಿ ಮೂಡಿತು. ನಾನು ಬೀಗಿದೆ. ಅವನು ಬರೆದು ತಂದಿದ್ದ ಗಣಿಯ ಗೋಪುರ ಎರಡು ಕಂಪ್ಯೂಟರುಗಳನ್ನು ಮಲಗಿಸಿ, ಮೂರನೆಯದರಲ್ಲಿ ಎರಡೂ ಸಲ ನಿಧಾನವಾಗಿ ಎದ್ದು ನಿಂತಿತು. ದೊಡ್ಡಮ್ಮ ಅದನ್ನೇ ಕೊಂಡಳು.

ವಾಪಸಿನ ರೈಲು ಬಂಗಾರಪೇಟೆಯಲ್ಲಿ ನಿಂತಾಗ ನಾನು ಪೆಟ್ಟಿಗೆಗೆ ಕೈ ಹಾಕಿದೆ.

“ಬಿಡ್ಲಾ ಅದನ್ನ. ಊರಿಗಾಂಗೆ ಓಗ್ಲಿ. ಇವನ್ದು ಭಾರದ ಕೆಲ್ಸ. ನಿನ್ ಚಿತ್ರ ಯಾವ್ ಮಿಷನ್ನಾದ್ರೂ ತೆಗೀತದೆ.”

ಅವನು ಕಿಟಕಿಯ ಕಡೆ ತಿರುಗಿ ಕೂತ. ದೊಡ್ಡಮ್ಮನ ಹಿಂದೆ ನಾನು ಇಳಿದೆ.

ಆ ಕಂಪ್ಯೂಟರ್ ನಮ್ಮಿಬ್ಬರ ಓದು ಮುಗಿಯುವವರೆಗೂ ಕೈಕೊಡಲಿಲ್ಲ. ಭಾನುವಾರ ಊರಿಗಾಂಗೆ ಹೋಗಿ ನಾನೂ ಬಳಸುತ್ತಿದ್ದೆ, ಅವನ ಕುರ್ಚಿಯಲ್ಲಿ ಕೂತು, ಅವನ ಅಮ್ಮ ಕೊಟ್ಟ ಕಾಫಿ ಕುಡಿದು, ಒಳಗೊಳಗೇ ಬೇಯುತ್ತ. ಹೋದ ವರ್ಷ ಡಿಸೈನ್ ಓದುವ ಮಗಳಿಗೆ ಲ್ಯಾಪ್‌ಟಾಪ್ ಕೊಳ್ಳುವಾಗ ಅವಳ ಅತಿ ಭಾರದ ಫೈಲನ್ನೇ ತರಿಸಿ, ಎರಡು ಸಲ ತೆರೆಸಿದೆ.

ಅದನ್ನು ಹೇಳಲು ದೊಡ್ಡಮ್ಮ ಇರಲಿಲ್ಲ. ಅವಳು ತೀರಿಕೊಂಡ ದಿನ ಅವನು ನನಗಿಂತ ಜೋರಾಗಿ ಅತ್ತ. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ನನ್ನ ಎಂಜಿನ್ನನ್ನು ಅವಳು ನೋಡಲೇ ಇಲ್ಲ.